ಮಾವನವರ ಮೊಡವೆಗಳು

ಅರವತ್ತೆಂಟನೆಯ ವಯಸ್ಸಿನಲ್ಲಿ ಯಾರಿಗಾದರೂ ಹರೆಯ ಬರುವುದುಂಟೆ? ಬೈಲಹೊಂಗಲದ ನಮ್ಮ ಮನೆಗೆ ಬನ್ನಿ, ತೋರಿಸುತ್ತೇನೆ! ನನ್ನ ಮಾವನವರ ಮುಖದ ತುಂಬ ಮೊಡವೆ. ಸಾಲದ್ದಕ್ಕೆ, ನನ್ನ ಮಗಳು ದುಡ್ಡು ಕೊಟ್ಟು ಅಂಟಿಸಿಕೊಳ್ಳುವಂಥ ಉದ್ದನೆಯ ರೆಪ್ಪೆಗೂದಲು.

ಎಲ್ಲಕ್ಕೂ ಕಾರಣ ಒಂದು ಗುಳಿಗೆ. ಮಾವನವರಿಗೆ ಶ್ವಾಸಕೋಶದ ಕ್ಯಾನ್ಸರ್. ಅದನ್ನೇ ಗುರಿಯಿಟ್ಟು ಹೊಡೆಯುವ ಗುಳಿಗೆ ಎಂದರು ಬೆಳಗಾವಿಯ ಡಾಕ್ಟರು. ಅಷ್ಟು ಗುರಿಕಾರ ಗುಳಿಗೆ ಮೂಗಿನ ಮೇಲೇಕೆ ಬಿತ್ತೋ! ಡಾಕ್ಟರು ಅಷ್ಟಕ್ಕೇ ಸುಮ್ಮನಿರದೆ, "ಮೊಡವಿ ಎದ್ರ ಹೆದರಬ್ಯಾಡ್ರಿ. ಔಷಧ ಹತ್ತೇತಿ ಅನ್ನೂದರ ಗುರುತು ಅದು" ಎಂದುಬಿಟ್ಟರು. ಮುಗಿಯಿತು, ನನ್ನ ಗೋಳು ಶುರುವಾಯಿತು.

ಮುಲಾಮು ಕೊಟ್ಟಿದ್ದಾರೆ, ಹಚ್ಚಿಕೊಳ್ಳಲೊಲ್ಲರು. "ಔಷಧ ಕೆಲಸಾ ಮಾಡೂದು ಕಣ್ಣಿಗೆ ಕಾಣಾಕ ಹತ್ತೇತಿ, ನೀ ಅದನ್ನ ಒರಸಾಕ ಬರ್ತೀಯಲ್ಲಬೇ!" ಎಂದು ನನಗೇ ಗದರಿಕೆ. ಖಾರ, ಎಣ್ಣೆ ತಿಂದರೆ ಮೊಡವೆ ಹೆಚ್ಚಾಗುತ್ತದೆ ಎಂದು ಒಮ್ಮೆ ಬಾಯಿ ತಪ್ಪಿ ಅಂದೆ. ತಗೊಳ್ಳಿ, ಅಂದಿನಿಂದ ರೊಟ್ಟಿಯ ಮೇಲೆ ಕೆಂಪು ಮೆಣಸಿನಕಾಯಿಯ ರಂಜಕ, ರಂಜಕದ ಮೇಲೆ ಶೇಂಗಾ ಎಣ್ಣೆ! ಹೊಟ್ಟೆ ಕೆಟ್ಟು ಹಿತ್ತಲಿಗೆ ಓಡುತ್ತಲೇ, "ಗಲ್ಲದ ಮ್ಯಾಲ ಹೊಸಾದು ಎದ್ದೇತಿ ನೋಡ ಯವ್ವಾ!" ಎಂದು ವರದಿ ಬೇರೆ.

ಮೈದುನನಿಗೆ ಕನ್ಯೆ ನೋಡಲು ರಾಮದುರ್ಗಕ್ಕೆ ಹೋದೆವು. ಹುಡುಗಿ ಚಹಾ ತಂದು ನಿಂತರೂ ಎಲ್ಲರ ಕಣ್ಣು ಮಾವನವರ ಮೇಲೆಯೇ. ಹುಡುಗಿಯ ಅಜ್ಜಿಗೆ ತಡೆಯಲಾಗಲಿಲ್ಲ.

"ಬೀಗರ, ಕಣ್ಣಿಗೆ ಕಾಡಗಿ ಹಚ್ಚತೀರೇನ್ರಿ?"

"ಇಲ್ರೀ ಯವ್ವಾ, ಕ್ಯಾನ್ಸರ್ ಐತ್ರಿ!" ಎಂದರು ಮಾವನವರು, ಬಹುಮಾನ ಬಂದವರ ಹಾಗೆ.

ಆಮೇಲೆ ಆ ಮನೆಯಲ್ಲಿ ಕನ್ಯೆಯ ಸುದ್ದಿಯನ್ನು ಯಾರೂ ಎತ್ತಲೂ ಇಲ್ಲ.

ಕೊನೆಗೆ ಮೂಗಿನ ಮೇಲಿನ ಮೊಡವೆ ಕೀವಾದಾಗ ಜಗಳಾಡಿಯೇ ಮುಲಾಮು ಹಚ್ಚಿಸಿದೆ. ಕೆಲವೇ ದಿನಗಳಲ್ಲಿ ಮುಖ ತಿಳಿಯಾಯಿತು. ಗೆದ್ದೆ ಎಂದುಕೊಂಡೆ. ಮಾವನವರು ಮಾತ್ರ ತಾಟಿನ ಮುಂದೆ ಕೂತು ರೊಟ್ಟಿ ಮುಟ್ಟಲಿಲ್ಲ.

"ಯಾಕ್ರೀ ಮಾವಾರ?"

"ಎಲ್ಲಾ ಹೋದುವಲ್ಲಬೇ. ಔಷಧ ನನ್ನ ಕೈ ಬಿಟ್ಟಂಗ ಕಾಣತೈತಿ."

"ಮುಲಾಮ್ ಹಚ್ಚಿದ್ದಕ್ಕ ಹೋಗ್ಯಾವ್ರಿ. ಔಷಧ ಎಲ್ಲಿ ಬಿಡ್ತೈತಿ?"

ಅವರು ನುಣ್ಣಗಾದ ಗಲ್ಲ ಸವರಿಕೊಂಡರು. ಆಮೇಲೆ ಸಣ್ಣ ದನಿಯಲ್ಲಿ, "ನನಗ ಇನ್ನಾ ಇರೂ ಆಸೆ ಐತಿ, ಯವ್ವಾ" ಎಂದರು.

ಇಷ್ಟು ದಿನ ನನ್ನ ತಲೆ ತಿಂದ ಈ ಮನುಷ್ಯನಿಗೆ ಇಷ್ಟೊಂದು ಹೆದರಿಕೆಯಿತ್ತೆ? ಅವರ ಗದ್ದ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿ ಮುಖವೆಲ್ಲ ಹುಡುಕಿದೆ. ಕಿವಿಯ ಕೆಳಗೆ ಕೆಂಪಗೆ ಒಂದು ಕಂಡಿತು.

"ಇಲ್ಲೊಂದ ಐತ್ರಿ, ಮಾವಾರ!"

"ಖರೇನ?"

"ಖರೇನ ರೀ, ಮುಟ್ಟಿ ನೋಡ್ರಿ."

ಅವರು ಅದನ್ನು ಮೆಲ್ಲಗೆ ಮುಟ್ಟಿ ನೋಡಿಕೊಂಡು ರೊಟ್ಟಿ ಮುರಿದರು. ನನ್ನ ಕಣ್ಣು ತುಂಬಿ ಬಂತು. ಸೊಳ್ಳೆ ಕಡಿದ ಗುಳ್ಳೆ ಅದು. ಆ ಸೊಳ್ಳೆಯ ಹೊಟ್ಟೆ ತಣ್ಣಗಿರಲಿ!