ಚಾಚಾ, ಮಾಸ್ತರ್ ಮತ್ತು ಒಂದು ಗೋಲು

ಕನ್ನಡಕದ ಅಂಗಡಿ ಇಟ್ಟುಕೊಂಡವನಿಗೆ ಫುಟ್‌ಬಾಲಿನ ಉಸಾಬರಿ ಯಾಕೆ ಎಂದು ನನ್ನ ಹೆಂಡತಿ ಆಗಾಗ ಕೇಳುತ್ತಾಳೆ. ಉಸಾಬರಿಯನ್ನು ನಾನಾಗಿ ಹುಡುಕಿಕೊಂಡು ಹೋಗುವುದಿಲ್ಲ. ಜಗತ್ ಸರ್ಕಲ್ಲಿನ ಟ್ರಾಫಿಕ್ಕನ್ನೆಲ್ಲ ದಾಟಿಕೊಂಡು ಅದೇ ನನ್ನ ಅಂಗಡಿಗೆ ಬರುತ್ತದೆ, ಬಂದು ಕುರ್ಚಿ ಎಳೆದುಕೊಂಡು ಕೂರುತ್ತದೆ. ಈ ವರ್ಷವಂತೂ ವಾರಕ್ಕೊಂದು ಪ್ರಸಂಗ ತಪ್ಪಿದ್ದಿಲ್ಲ.

ಮೊದಲು ನಮ್ಮ ಮೊಹಲ್ಲಾದ ತಂಡದ ಸ್ಥಿತಿ ಹೇಳಿಬಿಡುತ್ತೇನೆ. ಒಂದು ಕಾಲಕ್ಕೆ ಚೆನ್ನಾಗಿತ್ತು. ಆಮೇಲೆ ಒಬ್ಬ ಕೆಲಸ ಸಿಕ್ಕಿ ಹೈದರಾಬಾದಿಗೆ ಹೋದ, ಒಬ್ಬನ ಮೊಣಕಾಲು ಹೋಯಿತು, ಒಬ್ಬನಿಗೆ ಮದುವೆಯಾಗಿ ಭಾನುವಾರ ಹೋಯಿತು. ಉಳಿದವರಿಗೆ ಹೊಟ್ಟೆ ಬಂತು. ಕೋಟನೂರಿನಿಂದ, ಮಹಾಗಾಂವದಿಂದ ಹೊಸಬರನ್ನು ಕೂಡಿಸಿ ತಂಡವನ್ನು ಮತ್ತೆ ಕಟ್ಟುವ ಕೆಲಸವನ್ನು ಮಾಸ್ತರ್ ಹೊತ್ತುಕೊಂಡರು. ಮಾಸ್ತರ್ ಅಂದರೆ ನಿವೃತ್ತ ಡ್ರಿಲ್ ಮಾಸ್ತರ್. ಕೋಚ್ ಅನ್ನುವ ಪದ ಅವರಿಗೆ ರೈಲಿನ ನೆನಪು ತರುತ್ತದಂತೆ, ಹಾಗಾಗಿ ಎಲ್ಲರಿಗೂ ಮಾಸ್ತರೇ. ಹೆಂಡತಿ ತೀರಿಹೋದ ಮೇಲೆ ಅವರಿಗೆ ಬೆಳಗಾದರೆ ತಂಡ, ಸಂಜೆಯಾದರೆ ತಂಡ. ಅದನ್ನು ಬಿಟ್ಟರೆ ಅವರಿಗೆ ಬೇರೇನೂ ಇಲ್ಲ ಎಂಬುದು ನಮಗೆಲ್ಲ ಗೊತ್ತು.

ಅವರ ವಿರುದ್ಧ ಪಕ್ಷದ ನಾಯಕ ಟೇಲರ್ ಚಾಚಾ. ಹರೆಯದಲ್ಲಿ ಇಬ್ಬರೂ ಇದೇ ತಂಡಕ್ಕೆ ಆಡಿದವರು. ಮಾಸ್ತರ್ ಹಿಂದೆ ನಿಂತು ಕಾಯುವವರು, ಚಾಚಾ ಮುಂದೆ ನುಗ್ಗಿ ಗೋಲು ಹೊಡೆಯುವವರು. ಈಗಲೂ ಇಡೀ ತಂಡದ ಅಂಗಿ ಚಡ್ಡಿ ಹೊಲಿಯುವವರು ಚಾಚಾನೇ. ಅಂಥ ಜೀವದ ಗೆಳೆಯರ ನಡುವೆ ಈ ಸಲ ಮಾತು ನಿಂತಿತು. ಕಾರಣ ಒಂದೇ. ಲೀಗ್ ಮುಗಿಯುತ್ತ ಬಂದರೂ ನಮ್ಮವರು ಇನ್ನೂ ಒಂದು ಗೋಲೂ ಹೊಡೆದಿರಲಿಲ್ಲ. ಎಲ್ಲರೂ ಹಿಂದೆ ನಿಂತು ಗೋಡೆ ಕಟ್ಟಬೇಕು ಎಂಬುದು ಮಾಸ್ತರ ಸಿದ್ಧಾಂತ.

"ತಂಡ ಕಟ್ಲಾಕತ್ತೀನಿ ಅಂತಾರ," ಎಂದು ಚಾಚಾ ಗೊಣಗುತ್ತಿದ್ದರು. "ಬರೇ ಗ್ವಾಡಿ ಕಟ್ಯಾರ. ಬಾಗಿಲಾ ಇಟ್ಟೇ ಇಲ್ಲ."

ಮಿರ್ಚಿ ಭಜಿಯ ಗೋಡೆ

ನಮ್ಮ ಚರ್ಚೆಯೆಲ್ಲ ನಡೆಯುವುದು ನನ್ನ ಅಂಗಡಿಯ ಎದುರಿನ ಭಜಿ ಅಂಗಡಿಯಲ್ಲಿ. ಒಂದು ಭಾನುವಾರ ಎಂದಿನಂತೆ ಸೋತು ಬಂದು ಕೂತಿದ್ದೆವು. ಚಾಚಾ ಮತ್ತು ಮಾಸ್ತರ್ ಒಂದೇ ಬೆಂಚಿನ ಎರಡು ತುದಿಗೆ ಕೂತು, ನಡುವೆ ನನ್ನನ್ನು ಇಟ್ಟುಕೊಂಡಿದ್ದರು. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವುದು ನನ್ನ ಕೆಲಸ. ಒಂದು ಮೊಳದ ಅಂತರದಲ್ಲಿ ಕೂತವರು "ಅವರಿಗೆ ಹೇಳ್ರಿ" ಎನ್ನುತ್ತಿದ್ದರು. ನಾನು ಹೇಳುತ್ತಿದ್ದೆ.

ಹಿಂದೆ ನಿಲ್ಲುವುದೂ ಒಂದು ವಿದ್ಯೆ ಎಂದು ತೋರಿಸಲು ಮಾಸ್ತರ್ ಮಿರ್ಚಿ ಭಜಿಯ ದೊಡ್ಡ ತಟ್ಟೆ ತರಿಸಿದರು. ಸುಸಲಾದ, ಅಂದರೆ ಒಗ್ಗರಣೆ ಮಂಡಕ್ಕಿಯ ತಟ್ಟೆ ನಮ್ಮ ಗೋಲು, ಚಟ್ನಿ ಬಟ್ಟಲು ಗೋಲ್‌ಕೀಪರ್. ಅದರ ಮುಂದೆ ಸಾಲಾಗಿ ಭಜಿ ಇಟ್ಟು, ಇವನು ಇಲ್ಲಿ ತಡೆಯುತ್ತಾನೆ, ಇವನು ಅಲ್ಲಿ ಮುಚ್ಚುತ್ತಾನೆ ಎಂದು ವಿವರಿಸತೊಡಗಿದರು. ಉಳ್ಳಾಗಡ್ಡಿ ಚೂರು ಚೆಂಡು. ಮಾಸ್ತರ ವಿವರಣೆ ಎಷ್ಟು ಸೊಗಸಾಗಿತ್ತೆಂದರೆ ಪಕ್ಕದ ಟೇಬಲಿನವರೂ ಎದ್ದು ಬಂದು ನಿಂತರು. ಚಾಚಾ ಕೂಡ ಕತ್ತು ಉದ್ದ ಮಾಡಿದರು.

ನಮ್ಮ ಗುಂಪಿನಲ್ಲಿ ಒಬ್ಬರು ವಿಮೆ ಏಜೆಂಟರಿದ್ದಾರೆ. ಮಾತು ಕೇಳುವಾಗ ಅವರ ಕೈ ಸುಮ್ಮನಿರುವುದಿಲ್ಲ. ಮಾಸ್ತರ್ ಎದುರಾಳಿಗಳ ಕಡೆಯಿಂದ ಉಳ್ಳಾಗಡ್ಡಿ ತಳ್ಳಿಕೊಂಡು ಬಂದು, ಈಗ ನೋಡಿ, ಇಲ್ಲಿ ನಿಂತವನು ಹೇಗೆ ತಡೆಯುತ್ತಾನೆ ಎಂದು ತಲೆ ಬಗ್ಗಿಸಿದರೆ ಅಲ್ಲಿ ನಿಂತವನೇ ಇಲ್ಲ. ಅವನ ಬಲಕ್ಕಿದ್ದವನೂ ಇಲ್ಲ. ಏಜೆಂಟರು ಕಣ್ಣಲ್ಲಿ ನೀರು ತುಂಬಿಕೊಂಡು, ಖಾರಕ್ಕೆ ಉಸ್ ಉಸ್ ಎನ್ನುತ್ತ, ಗೋಲ್‌ಕೀಪರನಲ್ಲಿ ಇನ್ನೊಬ್ಬ ಡಿಫೆಂಡರನನ್ನು ಅದ್ದುತ್ತಿದ್ದರು.

ಉಳ್ಳಾಗಡ್ಡಿ ಯಾರ ಅಡ್ಡಿಯೂ ಇಲ್ಲದೆ ಸುಸಲಾದೊಳಗೆ ಹೋಗಿ ಬಿತ್ತು. ಚಾಚಾ ನನ್ನ ಕಡೆ ತಿರುಗಿದರು. "ಅವರಿಗೆ ಹೇಳ್ರಿ, ಬರೋಬ್ಬರಿ ಹಿಂಗೇ ಆಡಿದ್ರು ಇವತ್ತ."

ರೆಫರಿಯ ಕಣ್ಣು

ಮುಂದಿನ ಪಂದ್ಯದಲ್ಲಿ ನಮ್ಮವರು ಎದುರಾಳಿಯನ್ನು ಕೆಡವಿದರು ಎಂದು ರೆಫರಿ ಪೆನಾಲ್ಟಿ ಕೊಟ್ಟರು. ಚಾಚಾಗೆ ತಡೆಯಲಾಗಲಿಲ್ಲ. ಮಾಸ್ತರ ಮೇಲೆ ಎಷ್ಟೇ ಸಿಟ್ಟಿದ್ದರೂ ತಂಡ ತಮ್ಮದೇ. ಗೆರೆಯ ಹತ್ತಿರಕ್ಕೆ ಹೋಗಿ, ನಿನಗೆ ಕಣ್ಣು ಕಾಣುವುದಿಲ್ಲ, ಜಗತ್‌ನಲ್ಲಿ ನಮ್ಮ ದೋಸ್ತನ ಅಂಗಡಿ ಇದೆ, ಹೋಗಿ ಕನ್ನಡಕ ಹಾಕಿಸಿಕೋ ಎಂದು ಇಡೀ ಮೈದಾನಕ್ಕೆ ಕೇಳುವಂತೆ ನನ್ನ ಅಂಗಡಿಯ ಪ್ರಚಾರ ಮಾಡಿದರು.

ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವಷ್ಟರಲ್ಲಿ ರೆಫರಿ ಬಾಗಿಲಲ್ಲಿ ನಿಂತಿದ್ದರು. ಜಗಳಕ್ಕೆ ಬಂದರೇನೋ ಎಂದು ನಾನು ಶಟರನ್ನು ಅರ್ಧಕ್ಕೇ ನಿಲ್ಲಿಸಿದೆ. ಪಾಪ, ಅವರು ಬಹಳ ಮರ್ಯಾದಸ್ಥರು. ಎಲ್ಲ ಊರಲ್ಲೂ ಇದೇ ಮಾತು ಕೇಳಿ ತಮಗೇ ಅನುಮಾನ ಬಂದಿದೆ, ಒಮ್ಮೆ ನೋಡಿಬಿಡಿ ಎಂದರು. ಕೂರಿಸಿ ಪರೀಕ್ಷೆ ಮಾಡಿದೆ. ಹದ್ದಿನ ಕಣ್ಣು. ಕೊನೆಯ ಸಾಲಿನ ಅಕ್ಷರಗಳ ಕೆಳಗೆ ಅಚ್ಚು ಹಾಕಿದವರ ಹೆಸರಿರುತ್ತದಲ್ಲ, ಅದನ್ನೂ ಓದಿ ಹೇಳಿದರು.

ಅಷ್ಟರಲ್ಲಿ ಚಾಚಾ ಚಹಾ ಕುಡಿಯಲು ಬಂದರು. ರೆಫರಿಯನ್ನು ಕಂಡು ಮೊದಲು ಹಿಂದಕ್ಕೆ ಸರಿದರು, ಆಮೇಲೆ ವಿಷಯ ಕೇಳಿ ಇದು ಮಷೀನಿನ ತಪ್ಪು ಎಂದರು. ಹಾಗಾದರೆ ನೀವೇ ಕೂತು ನೋಡಿ ಎಂದು ರೆಫರಿ ಕುರ್ಚಿ ಬಿಟ್ಟುಕೊಟ್ಟರು. ಚಾಚಾ ಕೂತರು. ಸೂಜಿಗೆ ದಾರ ಪೋಣಿಸುವ ಕಣ್ಣು, ಹತ್ತಿರದ್ದು ಚೆನ್ನಾಗಿಯೇ ಕಾಣುತ್ತಿತ್ತು. ದೂರದ ಹಲಗೆಯಲ್ಲಿ ಮಾತ್ರ ಎಲ್ಲಕ್ಕಿಂತ ದೊಡ್ಡ ಅಕ್ಷರವನ್ನೇ ಎಮ್ಮೆಯ ಚಿತ್ರವೇ ಎಂದು ಕೇಳಿದರು. ರೆಫರಿ ತಮಗೆಂದು ತರಿಸಿದ್ದ ಚಹಾದ ಕಪ್ಪನ್ನು ಚಾಚಾನ ಕೈಗಿಟ್ಟು, ಸಲಾಂ ಹೇಳಿ ಹೊರಟುಹೋದರು.

ಚಾಚಾಗೆ ಚಂದದ ಕನ್ನಡಕ ಮಾಡಿಕೊಟ್ಟೆ. ಮುಂದಿನ ಭಾನುವಾರ ಅದನ್ನು ಹಾಕಿಕೊಂಡು ಮೈದಾನದ ಅಂಚಿಗೆ ಕೂತರು. ಆಟ ಶುರುವಾಗಿ ಸ್ವಲ್ಪ ಹೊತ್ತು ಚೆಂಡಿನ ಹಿಂದೆಯೇ ಕತ್ತು ತಿರುಗಿಸಿದರು. ಆಮೇಲೆ ನಿಧಾನಕ್ಕೆ ಕನ್ನಡಕ ತೆಗೆದು ಡಬ್ಬಿಯಲ್ಲಿಟ್ಟು ನನ್ನ ಕೈಗೆ ಕೊಟ್ಟರು.

"ಇದು ನಿಮ್ಮ ಹತ್ರಾನೇ ಇರಲಿ. ಇದಿಲ್ದಾಗ ಇವರು ಇಷ್ಟು ಕೆಟ್ಟ ಆಡ್ತಿರಲಿಲ್ಲ."

ಸರಿಯುವ ಗೋಡೆ

ಸೋಲಿನಲ್ಲೂ ನಮಗೆ ತಿಳಿಯದ ಒಂದು ಸೋಜಿಗವಿತ್ತು. ಮೊದಲ ಅರ್ಧದಲ್ಲಿ ನಮ್ಮ ಡಿಫೆನ್ಸ್ ನಿಜಕ್ಕೂ ಗಟ್ಟಿ. ನಾಲ್ವರೂ ಒಬ್ಬರಿಗೊಬ್ಬರು ಅಂಟಿಕೊಂಡು ನಿಲ್ಲುತ್ತಿದ್ದರು, ಹೊತ್ತು ಕಳೆದಂತೆ ಒಟ್ಟಾಗಿ ಎಡಕ್ಕೆ ಸರಿಯುತ್ತಿದ್ದರು. ಅವರ ಮಧ್ಯೆ ತೂರಿ ಹೋಗುವುದು ಯಾರಿಗೂ ಆಗುತ್ತಿರಲಿಲ್ಲ. ಎರಡನೇ ಅರ್ಧಕ್ಕೆ ಬದಿ ಬದಲಾದ ಕೂಡಲೇ ಎಲ್ಲ ಚೆಲ್ಲಾಪಿಲ್ಲಿ. ಗೋಲುಗಳೆಲ್ಲ ಬೀಳುವುದು ಆಗಲೇ.

ಭಜಿ ಅಂಗಡಿಯಲ್ಲಿ ಇದರ ಮೇಲೆ ಭಾರೀ ಸಂಶೋಧನೆ ನಡೆಯಿತು. ಏಜೆಂಟರು ಮನೋಬಲದ ಕೊರತೆ ಎಂದರು. ಚಾಚಾ ರೊಟ್ಟಿ ಕಡಿಮೆ ತಿನ್ನುತ್ತಾರೆ ಎಂದರು. ಮಾಸ್ತರ್ ಮಾತ್ರ ಎಡಕ್ಕೆ ಸರಿಯುವುದು ತಾವು ಹೇಳಿಕೊಟ್ಟ ವ್ಯೂಹ, ಹುಡುಗರಿಗೆ ಅರ್ಧವಷ್ಟೇ ಬಂದಿದೆ, ಇನ್ನರ್ಧ ಮುಂದಿನ ವರ್ಷ ಬರುತ್ತದೆ ಎಂದು ಹೆಮ್ಮೆಯಿಂದ ಹೇಳಿಕೊಂಡರು. ಬೇರೆ ಮೊಹಲ್ಲಾದ ತಂಡವೊಂದು ಇದನ್ನು ನೋಡಿ ತಾವೂ ಎಡಕ್ಕೆ ಸರಿಯಲು ಹೋಗಿ ಸೋತಿತಂತೆ.

ನಮ್ಮ ಗೋಡೆಯ ಮುಖ್ಯ ಕಲ್ಲು ಮಹಾಗಾಂವದ ಟೆಂಪೋ ಡ್ರೈವರ್. ಎತ್ತರದ, ಅಗಲದ, ಶಾಂತ ಸ್ವಭಾವದ ಆಸಾಮಿ. ಒಂದು ದಿನ ಧೂಳಿನ ಕಣ್ಣಿಗೆ ಔಷಧ ಕೇಳಲು ಅಂಗಡಿಗೆ ಬಂದಾಗ, ಆ ಎಡಕ್ಕೆ ಸರಿಯುವ ಗುಟ್ಟು ನನಗಾದರೂ ಹೇಳಪ್ಪ ಎಂದೆ. ಅವನಿಗೆ ನನ್ನ ಪ್ರಶ್ನೆಯೇ ಆಶ್ಚರ್ಯವಾಯಿತು.

"ನೀರಿನ ಟಾಕಿ ನೆರಳ್ರೀ," ಎಂದ. "ನಮ್ಮ ಬಿಸಿಲು ನಿಮಗ ಗೊತ್ತದಲ್ರೀ. ನೆರಳು ಸರದಂಗ ನಾವೂ ಸರೀತೀವಿ. ಆ ಕಡಿ ಹೋದ್ರ ಟಾಕಿನೇ ಇಲ್ಲಲ್ರೀ."

ಮೈದಾನದ ಪಕ್ಕದಲ್ಲಿ ಎತ್ತರದ ನೀರಿನ ಟ್ಯಾಂಕು ಇರುವುದು ಹೌದು. ನಾವೂ ಅದರ ನೆರಳಿಗಾಗಿ ಜಗಳವಾಡಿಯೇ ಜಾಗ ಹಿಡಿಯುತ್ತಿದ್ದೆವು. ಆದರೂ ಯಾರಿಗೂ ಹೊಳೆದಿರಲಿಲ್ಲ. ನನಗೆ ನಗು ತಡೆಯಲಾಗದೆ ಅಂದು ಸಂಜೆಯೇ ಹೋಗಿ ಮಾಸ್ತರಿಗೆ ಹೇಳಿದೆ. ಹೇಳಿದ ಮೇಲೆ ಅವರ ಮುಖ ನೋಡಿ ಯಾಕಾದರೂ ಹೇಳಿದೆನೋ ಅನ್ನಿಸಿತು. ಅವರು ಒಂದೇ ಮಾತು ಕೇಳಿದರು.

"ಅಂದ್ರ ಇಷ್ಟು ದಿನ ಇವರಿಗೆ ಕಲಿಸಿದವ ನಾನಲ್ಲ, ಸೂರ್ಯ?"

ಹುಣಸೆಯ ಗಿಡ

ಅದೇ ವಾರ ಭಜಿ ಅಂಗಡಿಯಲ್ಲಿ ಠರಾವಾಯಿತು. ಉಳಿದಿರುವುದು ಕಮಲಾಪುರದ ಪಂದ್ಯ ಒಂದೇ. ಅಲ್ಲಿ ಸೋತರೂ ಚಿಂತೆಯಿಲ್ಲ, ಒಂದು ಗೋಲಾದರೂ ಬರಬೇಕು. ಬರದಿದ್ದರೆ ಮಾಸ್ತರ್ ತಂಡ ಬಿಡಬೇಕು. ಠರಾವು ಮಂಡಿಸಿದವರು ಚಾಚಾ. ಒಂದು ಮೊಳದಾಚೆ ಕೂತ ಮಾಸ್ತರಿಗೆ ಅದನ್ನು ಮುಟ್ಟಿಸಿದವನು ನಾನು. ಮಾಸ್ತರ್ ಚಹಾ ಪೂರ್ತಿ ಕುಡಿಯದೆ ಎದ್ದುಹೋದರು. ಅವರು ಹೋದ ಮೇಲೆ ಚಾಚಾನೂ ಭಜಿ ಮುಟ್ಟಲಿಲ್ಲ. ನನಗೆ ಇಬ್ಬರ ಮೇಲೂ ಕನಿಕರ ಬಂತು.

ವಾರಕ್ಕೊಮ್ಮೆ ನಾನು ಕಮಲಾಪುರಕ್ಕೆ ಕಣ್ಣು ತಪಾಸಣೆಗೆ ಹೋಗುತ್ತೇನೆ. ಆ ವಾರ ಹೋದಾಗ ಅಲ್ಲಿನ ಮೈದಾನದಲ್ಲಿ ಮಾಸ್ತರ್ ಕಂಡರು. ಒಂದು ಕಡೆಯ ಗೋಲಿನ ಹಿಂದೆ ದೊಡ್ಡ ಹುಣಸೆಯ ಗಿಡ. ಅದರ ಕೆಳಗೆ ಕೂತು ಕಮಲಾಪುರದ ಕೆಂಪು ಬಾಳೆಹಣ್ಣು ತಿನ್ನುತ್ತಿದ್ದರು. ಒಂದು ಹಣ್ಣು ತಿನ್ನುವುದು, ಎದ್ದು ಹೋಗಿ ನೆಲದ ಮೇಲೆ ಒಂದು ಕಲ್ಲಿಡುವುದು, ಮತ್ತೆ ಬಂದು ಕೂರುವುದು. ನನ್ನನ್ನು ನೋಡಿ ಹಣ್ಣು ಚಲೋ ಅವ ಎಂದರು, ಅಷ್ಟೇ. ತಂಡ ಕೈಬಿಡುವ ಸಂಕಟ ತಲೆಗೆ ಏರಿತಲ್ಲ ಎಂದು ನಾನು ದಾರಿಯುದ್ದಕ್ಕೂ ಪೇಚಾಡಿಕೊಂಡು ಬಂದೆ.

ಪಂದ್ಯದ ದಿನ ಟೆಂಪೋದಲ್ಲಿ ಎಲ್ಲರೂ ಕಮಲಾಪುರಕ್ಕೆ ಹೋದೆವು. ಟೆಂಪೋ ಓಡಿಸಿದವನು ನಮ್ಮ ಡಿಫೆಂಡರನೇ. ಬಿಸಿಲು ಕಾದ ಹಂಚಿನ ಹಾಗಿತ್ತು. ಟಾಸ್ ಗೆದ್ದ ನಮ್ಮ ಕ್ಯಾಪ್ಟನ್ ಮಾಸ್ತರ್ ಕಡೆ ನೋಡಿದ, ಮಾಸ್ತರ್ ಹುಣಸೆ ಗಿಡದ ಬದಿಯನ್ನು ತೋರಿಸಿದರು. ಗಿಡದ ಹತ್ತಿರ ನಿಂತು ನಮ್ಮವರು ಮೊದಲ ಅರ್ಧ ಒಂದೂ ಗೋಲು ಬಿಡಲಿಲ್ಲ. ಹೊಡೆಯಲೂ ಇಲ್ಲ. ಚಾಚಾ, ಮತ್ತದೇ ಗ್ವಾಡಿ ಎಂದು ತಲೆ ಚಚ್ಚಿಕೊಂಡರು.

ಬದಿ ಬದಲಾಯಿತು. ಹೊತ್ತು ಇಳಿದಂತೆ ಹುಣಸೆಯ ನೆರಳು ಗೋಲು ದಾಟಿ ಮೈದಾನದೊಳಕ್ಕೆ ಹರಡತೊಡಗಿತು. ಈಗ ಆ ಕಡೆ ಇರುವುದು ಕಮಲಾಪುರದವರ ಗೋಲು. ಮಾಸ್ತರ್ ಗೆರೆಯ ಬಳಿ ಬಂದು, ಆ ವರ್ಷದಲ್ಲಿ ಮೊದಲ ಸಲ, ಯಾರಿಗೆ ಮುಂದೆ ಹೋಗಬೇಕು ಅನ್ನಿಸುತ್ತದೋ ಹೋಗಬಹುದು ಎಂದು ಕೂಗಿದರು.

ನಮ್ಮ ನಾಲ್ಕೂ ಡಿಫೆಂಡರುಗಳು ಬಿಸಿಲಲ್ಲಿ ಬೇಯುತ್ತ ನಿಂತವರು ಆ ನೆರಳಿನ ಕಡೆ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಹೊರಟೇಬಿಟ್ಟರು. ಕಮಲಾಪುರದವರು ಗಾಬರಿಯಾದರು. ಇಡೀ ಲೀಗಿನಲ್ಲಿ ಸೆಂಟರ್ ದಾಟದವರು ನಾಲ್ವರೂ ಒಟ್ಟಿಗೆ ಬಂದು ಗೋಲಿನ ಮುಂದೆ ನಿಂತರೆ ಯಾರಿಗಾದರೂ ದಿಗಿಲಾಗುವುದೇ. ಆ ಗಾಬರಿಯಲ್ಲಿ ಅವರಲ್ಲೊಬ್ಬ ಚೆಂಡನ್ನು ತನ್ನದೇ ಗೋಲಿನ ಪಕ್ಕಕ್ಕೆ ಹೊರಗೆ ಒದ್ದ. ನಮಗೆ ಕಾರ್ನರ್ ಸಿಕ್ಕಿತು. ಕಾರ್ನರ್ ಹೊಡೆದು ನಮ್ಮವರಿಗೆ ರೂಢಿಯಿಲ್ಲ, ಯಾರು ಹೊಡೆಯಬೇಕು ಎಂಬುದೇ ಒಂದು ಚರ್ಚೆಯಾಯಿತು.

ಆ ಚರ್ಚೆ ಮುಗಿಯುವವರೆಗೆ ಟೆಂಪೋ ಡ್ರೈವರ್ ತಂಪಾದ ಜಾಗ ನೋಡಿಕೊಂಡು ಗೋಲಿನ ಎದುರು ನಿಂತಿದ್ದ. ಬೆವರು ಒರೆಸಲು ಅಂಗಿಯನ್ನು ಎತ್ತಿ ಮುಖ ತಲೆ ಎಲ್ಲ ಮುಚ್ಚಿಕೊಂಡ. ಚಾಚಾ ಹೊಲಿದ ಅಂಗಿ, ಎರಡಾಳು ಹಿಡಿಸುವಷ್ಟು ಸಡಿಲ. ಅಷ್ಟರಲ್ಲಿ ಕಾರ್ನರಿನಿಂದ ಚೆಂಡು ಹಾರಿ ಬಂತು. ಅಂಗಿಯೊಳಗಿದ್ದ ತಲೆಗೆ ಬಡಿಯಿತು, ಗೋಲಿನೊಳಗೆ ಹೋಯಿತು.

ನಾವು ಕುಣಿದದ್ದು, ಏಜೆಂಟರು ಬಿದ್ದದ್ದು, ಚಾಚಾ ಅಳುತ್ತ ನನ್ನ ಕೈಯಿಂದ ಕನ್ನಡಕದ ಡಬ್ಬಿ ಕಿತ್ತುಕೊಂಡದ್ದು ಎಲ್ಲ ಒಟ್ಟಿಗೇ ಆಯಿತು. ಡ್ರೈವರ್ ನಿಧಾನವಾಗಿ ಅಂಗಿಯಿಂದ ಮುಖ ಹೊರತೆಗೆದ. ತಲೆ ಉಜ್ಜಿಕೊಳ್ಳುತ್ತ ಕೇಳಿದ.

"ಯಾರ್ರೀ ಹೊಡದವರು?"

ಆಮೇಲೆ ನಡೆದದ್ದೂ ಹೇಳಬೇಕು. ಮಾಸ್ತರ್ ಹಿಂದೆ ಬನ್ನಿರೋ ಎಂದು ಗಂಟಲು ಹರಿದುಕೊಂಡರೂ ನಾಲ್ವರೂ ನೆರಳು ಬಿಟ್ಟು ಕದಲಲಿಲ್ಲ. ಕಮಲಾಪುರದವರು ಖಾಲಿ ಮೈದಾನದಲ್ಲಿ ವಾಕಿಂಗ್ ಹೋದ ಹಾಗೆ ಬಂದು ಗೋಲು ಹೊಡೆದು ಸಮ ಮಾಡಿದರು. ಪಂದ್ಯ ಅಲ್ಲಿಗೇ ಮುಗಿಯಿತು. ಸಮವಾದರೇನು, ಗೋಲು ಬಂದಿತ್ತು. ಠರಾವಿನ ಪ್ರಕಾರ ಮಾಸ್ತರ್ ಉಳಿದಿದ್ದರು.

ವಾಪಸು ಬರುವಾಗ ಟೆಂಪೋದಲ್ಲಿ ಕೆಂಪು ಬಾಳೆಯ ಗೊನೆ ಹಂಚುತ್ತ ಮಾಸ್ತರ್ ಟಾಕಿಯ ನೆರಳಿನ ಕತೆಯನ್ನೂ, ಹುಣಸೆಯ ನೆರಳು ಯಾವ ಹೊತ್ತಿಗೆ ಎಲ್ಲಿಗೆ ಬರುತ್ತದೆಂದು ಕಲ್ಲಿಟ್ಟು ಅಳೆದ ಕತೆಯನ್ನೂ ಬಿಡಿಸಿ ಹೇಳಿದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಚಾಚಾ ಮಾತ್ರ ನಗದೆ ಹಣ್ಣು ಸುಲಿಯುತ್ತ ಕೂತಿದ್ದರು. ಮಹಾಗಾಂವ ದಾಟಿದ ಮೇಲೆ ನನ್ನನ್ನು ಪಕ್ಕಕ್ಕೆ ಸರಿಸಿ, ಎದ್ದು ಹೋಗಿ ಮಾಸ್ತರ ಮಗ್ಗುಲಿಗೆ ಕೂತರು. ಅಷ್ಟು ತಿಂಗಳಾದ ಮೇಲೆ ಅವರೊಂದಿಗೆ ನೇರವಾಗಿ ಮಾತಾಡಿದರು.

"ಗೋಲ್ ಬಂತು, ಖರೆ. ಆದ್ರ ಮಾಸ್ತರ್, ಎಲ್ಲರೂ ಮುಂದ ಹೋದ್ರ ಹಿಂದ ಕಾಯೋರು ಯಾರು? ನಿಮ್ಮ ಡಿಫೆನ್ಸ್ ಏನೂ ಬರೋಬ್ಬರಿ ಇಲ್ಲ."

ಮಾಸ್ತರ್ ಗೆಳೆಯನ ಹೆಗಲ ಮೇಲೆ ಕೈ ಹಾಕಿದರು.

"ಅದಕ್ಕ ನಮ್ಮ ಗೋಲಿನ ಕಡಿನೂ ಇನ್ನೊಂದು ಹುಣಸಿ ಗಿಡ ಬೇಕು, ಮಿಯಾ."