ಹರಕೆ ಹೋಮ, ಕಟ್ಟಡದ ಗಂಟೆ ಮತ್ತು ರೇಡಿಯೊ ಕುರಿತು

ಮನೆ ಆಡಳಿತ ಇಲಾಖೆ
ಅಡುಗೆಮನೆ ಶಾಖೆ, ಮೂರನೇ ಮಹಡಿ

ಸಂಖ್ಯೆ: ಮಆಇ/ಹೋಮ/ಹೊಗೆ/೦೨

ವಿಷಯ: ಅಜ್ಜಿಯವರ ಹರಕೆಯ ಗಣಹೋಮವನ್ನು ಬರುವ ಭಾನುವಾರ ಬೆಂಕಿ ಎಚ್ಚರಿಕೆ ಗಂಟೆ ಬಡಿಯದಂತೆ ನೆರವೇರಿಸುವ ಬಗ್ಗೆ.

ಉಲ್ಲೇಖ: ೧) ಅಜ್ಜಿಯವರು ದೇವರಿಗೆ ಕೊಟ್ಟ ಮಾತು (ಮೌಖಿಕ).
೨) ಕಳೆದ ಸಲದ ಹೋಮ (ಅಪೂರ್ಣ, ಒದ್ದೆ).

ಕಿರಿಮಗಳಿಗೆ ನಾಲ್ಕು ತುಂಬಿದರೂ ಮಾತು ಬಾರದಿದ್ದಾಗ, ಅವಳು ಬಾಯಿಬಿಟ್ಟರೆ ಮನೆಯಲ್ಲೇ ಹೋಮ ಮಾಡಿಸುವುದಾಗಿ ಅಜ್ಜಿಯವರು ಹರಕೆ ಹೊತ್ತು, ಅದು ತೀರುವವರೆಗೆ ತಾವು ತುಪ್ಪ ಉಣ್ಣುವುದಿಲ್ಲವೆಂದೂ ಸೇರಿಸಿದ್ದು ಸರಿಯಷ್ಟೆ. ತರುವಾಯ ಒಂದು ಮಧ್ಯಾಹ್ನ, ಅವಳ ಅನ್ನಕ್ಕೆ ಅಜ್ಜಿಯವರು ತುಪ್ಪ ಸುರಿಯುತ್ತಲೇ ಇದ್ದಾಗ ಸದರಿ ಮಗು "ಸಾಕು" ಎಂದಿತು. ಅಂದು ಶುರುವಾದದ್ದು ಇನ್ನೂ ನಿಂತಿಲ್ಲ. ಮನೆಯಲ್ಲಿ ಅವಳನ್ನು ರೇಡಿಯೊ ಎನ್ನಲಾಗುತ್ತದೆ. ಯಜಮಾನರ ರಜೆಯೂ ಪುರೋಹಿತರ ಬಿಡುವೂ ಒಂದೇ ದಿನ ಕೂಡಿಬರದೆ, ಅಜ್ಜಿಯವರು ಇಂದಿಗೂ ಒಣ ಅನ್ನ ಉಣ್ಣುತ್ತಿದ್ದಾರೆ.

ಕಳೆದ ಸಲ ಮಾತ್ರ ಕೂಡಿಬಂತು. ಆದರೆ ಮೊದಲ ಆಹುತಿಗೇ ಗಂಟೆ ಬಡಿದು, ಇಡೀ ಕಟ್ಟಡ ಬೀದಿಗಿಳಿದು, ಅಗ್ನಿಶಾಮಕದವರು ಹೋಮಕುಂಡಕ್ಕೆ ಪೈಪು ಹಿಡಿದರು. ವರುಣದೇವರೇ ಖುದ್ದಾಗಿ ಬಂದರೆಂಬ ಚಿಕ್ಕಪ್ಪನವರ ಸಮಜಾಯಿಷಿಯನ್ನು ಪರಿಶೀಲಿಸಿ ತಿರಸ್ಕರಿಸಲಾಗಿದೆ. ಆದಕಾರಣ ಸಂಬಂಧಪಟ್ಟ ಎಲ್ಲರಿಗೂ ಈ ಮೂಲಕ ಸೂಚಿಸಲಾಗಿದೆ:

೧. ಹೋಮವು ಬಾಲ್ಕನಿಯಲ್ಲಿ ನಡೆಯತಕ್ಕದ್ದು. ಬಾಲ್ಕನಿಯು ಮನೆಯೇ ಹೌದೇ ಎಂದು ಅಜ್ಜಿಯವರನ್ನು ಕೇಳಲಾಗಿ, ನಮ್ಮ ಬಟ್ಟೆ ಅಲ್ಲೇ ಒಣಗುವುದರಿಂದ ಹೌದೆಂದು ತೀರ್ಮಾನವಾಗಿದೆ. ಹೊಗೆಯು ಹೊರಗೆ ಹೋಗತಕ್ಕದ್ದು. ಒಳನುಗ್ಗಿದ ಹೊಗೆಯನ್ನು ಹಿರಿಮಗ ರಟ್ಟಿನಿಂದ ಬೀಸಿ ವಾಪಸು ಕಳಿಸತಕ್ಕದ್ದು. ವಾಯುದೇವರಿಗೆ ಪ್ರತ್ಯೇಕ ಮನವಿ ಸಲ್ಲಿಸಲಾಗಿದೆ, ಉತ್ತರ ಬಂದಿಲ್ಲ.

೨. ಗಣಪತಿಯವರ ಮೊದಲ ಸ್ಥಾನ ಖಾಯಂ. ಯಜಮಾನರು ಬಡ್ತಿ ನಿಮಿತ್ತ ಲಕ್ಷ್ಮಿಯವರನ್ನು, ಹಿರಿಮಗ ಪರೀಕ್ಷೆ ನಿಮಿತ್ತ ಸರಸ್ವತಿಯವರನ್ನು, ಚಿಕ್ಕಪ್ಪ ಭಯದ ನಿಮಿತ್ತ ಶನಿದೇವರನ್ನು ಸೇರಿಸಲು ಕೋರಿದ್ದು, ಒಂದೊಂದು ಆಹುತಿ ಮಂಜೂರಾಗಿದೆ. ಪುಸ್ತಕ ತೆರೆಯದ ಅರ್ಜಿದಾರರ ಪರವಾಗಿ ತುಪ್ಪ ಹಾಕಲಾಗುವುದಿಲ್ಲ. ಶನಿದೇವರ ಸರದಿ ಬಂದಾಗ ಚಿಕ್ಕಪ್ಪ ಸೋಫಾ ಹಿಂದೆ ಅವಿತುಕೊಳ್ಳುವಂತಿಲ್ಲ.

೩. ವರುಣದೇವರು ಕಲಶದಲ್ಲಿಯೇ ಇರತಕ್ಕದ್ದು. ಪಕ್ಕದ ನೀಲಿ ಬಕೆಟ್ಟಿನದು ತುರ್ತು ನೀರು. ಅದಕ್ಕೂ ಹೂವೇರಿಸಿ ಕೈಮುಗಿದಲ್ಲಿ, ಹೊತ್ತು ಬಂದಾಗ ಎತ್ತಿ ಸುರಿಯಲು ಯಾರಿಗೂ ಧೈರ್ಯ ಬರುವುದಿಲ್ಲ.

೪. ಯಜಮಾನರು ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಸಮಿತ್ತು ಹಿಡಿದು ಸ್ವಾಹಾ ಎನ್ನುವಂತಿಲ್ಲ. ಬೆಂಕಿಗೆ ಬಿದ್ದದ್ದು ನೇರ ದೇವರಿಗೆ ಸೇರುತ್ತದೆ. ವಾಪಸು ಕೇಳಲು ಅವಕಾಶವಿಲ್ಲ.

೫. ಮಂತ್ರ ನಡೆಯುವಾಗ ರೇಡಿಯೊ ಬಾಯಿ ಮುಚ್ಚಿರತಕ್ಕದ್ದು. (ರದ್ದಾಗಿದೆ. ಕರಡನ್ನು ಓದಿಸಿಕೊಂಡ ಅಜ್ಜಿಯವರು, "ಮಾತಾಡ್ಲಿ ಅಂತ ತಾನೇ ಬೇಡ್ಕೊಂಡಿದ್ದು? ಈಗ ಸುಮ್ನಿರು ಅಂದ್ರೆ ದೇವರು ಏನು ಅಂದ್ಕೋಬೇಕು?" ಎಂದು ಷರಾ ಬರೆಸಿದ್ದಾರೆ. ಪುರೋಹಿತರ ಕಿವಿಗೆ ಹತ್ತಿ ಒದಗಿಸಲಾಗುವುದು.)

ಸಹಿ/-
ಅಮ್ಮ
ಮುಖ್ಯಸ್ಥೆ (ಪ್ರಭಾರ)
ಹೆಚ್ಚುವರಿ ಹೊಣೆ: ಪಾತ್ರೆ, ಹೋಂವರ್ಕ್, ಎಲ್ಲರನ್ನೂ ಎಬ್ಬಿಸುವುದು

ಪ್ರತಿಗಳು:
೧. ಪುರೋಹಿತರಿಗೆ, ಹತ್ತಿ ಸಮೇತ.
೨. ಅಗ್ನಿಶಾಮಕ ಠಾಣೆಗೆ, ಈ ಸಲ ಮುಂಚಿತವಾಗಿ.
೩. ಚಿಕ್ಕಪ್ಪನವರಿಗೆ, ಸೋಫಾ ಹಿಂದಿನ ವಿಳಾಸಕ್ಕೆ.
೪. ಕಚೇರಿ ಕಡತಕ್ಕೆ. ಭಾನುವಾರ ಸೇರಿಸಿದ ಷರಾ: ಹೋಮ ಮುಗಿಯಿತು. ಪೂರ್ಣಾಹುತಿಗೆ ಪುರೋಹಿತರು ತುಪ್ಪ ಸುರಿಯುತ್ತಲೇ ಇದ್ದಾಗ ರೇಡಿಯೊ "ಸಾಕು" ಎಂದಳು. ಹತ್ತಿಯಿದ್ದರೂ ಅವರಿಗೆ ಕೇಳಿಸಿತು. ಗಂಟೆ ಬಡಿಯಲಿಲ್ಲ. ಊಟಕ್ಕೆ ಕೂತಾಗ ಅಜ್ಜಿಯವರ ಅನ್ನಕ್ಕೆ ಅವಳೇ ತುಪ್ಪ ಬಡಿಸಿದಳು. ಅಜ್ಜಿಯವರು ಸಾಕು ಎನ್ನಲಿಲ್ಲ. ಹರಕೆ ತೀರಿದೆ.