‘ನೋ’ ಅಂತ ಬರೆದಿದ್ದ ಸ್ಕ್ರೂ

೧೯೮೮ರಲ್ಲಿ, ಏಳನೇ ತರಗತಿಯ ಪರೀಕ್ಷೆಗೆ ಹದಿನೈದು ದಿನ ಇರುವಾಗ, ನಾನು ಶಾಲೆ ಬಿಟ್ಟೆ. ಪರೀಕ್ಷೆಗೆ ಹೆದರಿ ಬಿಟ್ಟೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅದು ಸುಳ್ಳು. ಗದ್ದೆಯಲ್ಲಿ ಕೆಲಸ ಇತ್ತು. ಅವತ್ತಿನಿಂದ ಇವತ್ತಿನವರೆಗೆ ನಾನು ಕೈ ಕಟ್ಟಿ ಕೂತವನಲ್ಲ. ಬೋರಿನ ಮೋಟಾರು ಎತ್ತುವುದು, ಇಳಿಸುವುದು, ಸ್ಟಾರ್ಟರ್ ಬಿಚ್ಚಿ ಉಜ್ಜುವುದು, ಪೈಪಿಗೆ ಬೆಂಕಿ ತೋರಿಸಿ ಬಗ್ಗಿಸುವುದು, ಹೆಂಚು ಕೈಯಾಡಿಸುವುದು, ಎಲ್ಲ ನಾನೇ. ಮನೆ ಕಟ್ಟಿದ ಮೇಲೆ ಎಲೆಕ್ಟ್ರಿಷಿಯನ್ ನಮ್ಮ ಹೊಸ್ತಿಲು ದಾಟಿದ್ದು ಒಂದೇ ಸಲ. ಅದೂ ನನ್ನ ಮಗಳ ಮದುವೆಯ ಊಟಕ್ಕೆ.

ನಮ್ಮ ಮನೆ ಯಳಂದೂರು ಕಡೆಯಿಂದ ಕುಂತೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಟ್ರ್ಯಾಕ್ಟರುಗಳು ಹೋಗುವ ದಾರಿಯಲ್ಲಿದೆ. ಮನೆಯ ಹಿಂದಿನ ದೊಡ್ಡ ಕೋಣೆಯಲ್ಲಿ ರೇಷ್ಮೆ ಹುಳ ಸಾಕುತ್ತೇವೆ. ಸಾಕುತ್ತೇವೆ ಎಂದರೆ ನನ್ನ ಹೆಂಡತಿ ಮಾದೇವಮ್ಮ ಸಾಕುತ್ತಾಳೆ, ನಾನು ಸಾಕುತ್ತೇವೆ ಎಂದು ಹೇಳುತ್ತೇನೆ. ಚಳಿಗಾಲದಲ್ಲಿ ಹುಳಕ್ಕೆ ಬಿಸಿ ಬೇಕು. ಇಲ್ಲದಿದ್ದರೆ ಸೊಪ್ಪು ಮುಟ್ಟುವುದಿಲ್ಲ. ಬಿಸಿ ಹೆಚ್ಚಾದರೂ ಸಾಯುತ್ತವೆ. ಇಷ್ಟು ವರ್ಷ ಅವಳು ಕೋಣೆಯೊಳಗೆ ಇದ್ದಿಲ ಒಲೆ ಇಟ್ಟು, ಗಳಿಗೆಗೊಮ್ಮೆ ಒಳಗೆ ಹೋಗಿ, ಗಾಳಿಯಲ್ಲಿ ಕೈ ಆಡಿಸಿ, ಒಲೆಯನ್ನು ಒಳಗೆ ಹೊರಗೆ ಮಾಡುತ್ತಿದ್ದಳು. ಕೆಮ್ಮುತ್ತಲೂ ಇದ್ದಳು.

ಆ ಕೆಮ್ಮು ಕೇಳಿ ಕೇಳಿ ನನ್ನ ಮನಸ್ಸು ಕರಗಿತು. ಸತ್ತೇಗಾಲದಲ್ಲಿ ಒಬ್ಬರ ಹುಳದ ಮನೆಯಲ್ಲಿ ಕಂಡಿದ್ದ ಹೀಟರನ್ನೂ, ಅದನ್ನು ಆಳುವ ಒಂದು ಬಿಳಿ ಪೆಟ್ಟಿಗೆಯನ್ನೂ ತರಿಸಿದೆ. ಪೆಟ್ಟಿಗೆಗೆ ಸ್ಮಾರ್ಟ್ ಥರ್ಮೋಸ್ಟಾಟ್ ಎಂದು ಹೆಸರು. ಇಷ್ಟು ಡಿಗ್ರಿ ಎಂದು ಹೇಳಿಬಿಟ್ಟರೆ ಕೋಣೆ ತಣ್ಣಗಾದಾಗ ಹೀಟರ್ ಹಾಕುತ್ತದೆ, ಬಿಸಿಯಾದಾಗ ಆರಿಸುತ್ತದೆ. ಎಲ್ಲೇ ಇದ್ದರೂ ಫೋನಿನಲ್ಲಿ ನೋಡಬಹುದು, ಒತ್ತಬಹುದು.

“ಈ ಸಲ ಬ್ಯಾಡ ಕಣ್ರಿ,” ಎಂದಳು ಮಾದೇವಮ್ಮ. “ಮೂವತ್ತು ತಟ್ಟೆ ಉಳ ಅದೆ. ನಾಳಿದ್ದು ಜ್ವರಕ್ಕೆ ಕೂರ್ತವೆ. ಈ ಬೆಳೆ ಎತ್ತಿದ ಮೇಲೆ ಅದೇನಾದ್ರೂ ಮಾಡ್ಕಳಿ.”

“ನಿನ್ನ ಕೆಮ್ಮಿಗೇ ತಂದಿರೋದು ಕಣಮ್ಮಿ. ನಾಕು ತಂತಿ ಕಟ್ಟೋಕೆ ಬೆಳೆ ಎತ್ತೋಗಂಟ ಕಾಯ್ಬೇಕಾ?”

ಅವಳು ಸೊಪ್ಪು ಹೊತ್ತುಕೊಂಡು ಹುಳದ ಕೋಣೆಗೆ ಹೋದಳು. ಅದನ್ನು ನಾನು ಒಪ್ಪಿಗೆ ಎಂದುಕೊಂಡೆ.

ಮೈನ್ ಇಳಿಸಿ ಕೆಲಸಕ್ಕೆ ಕೈ ಹಾಕಿದೆ. ಕೋಣೆಯ ಬಾಗಿಲ ಪಕ್ಕ ಬಲ್ಬಿನ ಸ್ವಿಚ್ಚು ಇದೆ. ಬಿಚ್ಚಿದೆ. ಅದರ ಹಿಂದೆ ಎರಡು ತಂತಿ. ಪೆಟ್ಟಿಗೆಗೂ ಕರೆಂಟು ಕೊಡಲು ಎರಡು ಸ್ಕ್ರೂ. ಎರಡಕ್ಕೆ ಎರಡು, ಲೆಕ್ಕ ಸರಿಹೋಯಿತು. ಸ್ವಿಚ್ಚಿನ ಎರಡೂ ಬದಿಯಿಂದ ತಂತಿ ಎಳೆದು ಪೆಟ್ಟಿಗೆಗೆ ಬಿಗಿದು ಮೈನ್ ಹಾಕಿದೆ.

ಪೆಟ್ಟಿಗೆ ಮಿಣುಕಿತು. ಬಲ್ಬೂ ಮಿಣುಕಿತು. ಬಲ್ಬಿನ ಸ್ವಿಚ್ಚು ಹಾಕಿದರೆ ಬಲ್ಬು ಚೆನ್ನಾಗಿ ಉರಿಯಿತು, ಪೆಟ್ಟಿಗೆ ಸತ್ತಿತು. ಸ್ವಿಚ್ಚು ಆರಿಸಿದರೆ ಪೆಟ್ಟಿಗೆಗೆ ಅರ್ಧ ಜೀವ ಬಂತು. ಒಬ್ಬರಿದ್ದರೆ ಇನ್ನೊಬ್ಬರು ಇರುವುದಿಲ್ಲ, ನಮ್ಮ ಊರಿನ ಅತ್ತೆ ಸೊಸೆಯರ ಹಾಗೆ.

ಮಾಲು ಸರಿಯಿಲ್ಲ ಎಂದು ತೀರ್ಮಾನಿಸಿ, ಡಬ್ಬಿಯ ಮೇಲಿದ್ದ ನಂಬರಿಗೆ ಫೋನ್ ಮಾಡಿದೆ. ಒಬ್ಬ ಹೆಣ್ಣುಮಗಳು ಎತ್ತಿಕೊಂಡಳು. ಕನ್ನಡದವಳೇ.

“ಸರ್, ಯಾವ ರೂಮಿಗೆ ಹಾಕ್ತಾ ಇದ್ದೀರ? ಬೆಡ್‌ರೂಮಾ?”

“ಅಂಗೇ ಅನ್ಕೊ. ಬೇಗ ಏಳವ್ವ, ನಾಳಿದ್ದು ಜ್ವರ ಬತ್ತದೆ.”

“ಯಾರಿಗೆ ಸರ್ ಜ್ವರ?”

“ಮೂವತ್ತು ಸಾವಿರಕ್ಕೂ.”

ಮೂವತ್ತು ಸಾವಿರ ಜನಕ್ಕಾ ಎಂದು ಅವಳು ಗಾಬರಿಯಾದಳು. ಹುಳ ಮೇವು ಬಿಟ್ಟು, ತಲೆ ಎತ್ತಿಕೊಂಡು ಅಲ್ಲಾಡದೆ ಕೂತು ಪೊರೆ ಕಳಚುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತೇವೆ, ಅದು ಕಾಯಿಲೆಯಲ್ಲ ಎಂದು ಅವಳಿಗೆ ಬಿಡಿಸಿ ಹೇಳಿದೆ. ಅವಳಿಗೆ ಉಸಿರು ಬಂತು.

“ಸರಿ ಸರ್. ಆ ಸ್ವಿಚ್ ಬೋರ್ಡಲ್ಲಿ ನ್ಯೂಟ್ರಲ್ ಇದೆಯಾ?”

ನನಗೆ ಗೊತ್ತಿದ್ದ ನ್ಯೂಟ್ರಲ್ ಟ್ರ್ಯಾಕ್ಟರಿನದು. ಗಾಡಿ ಮುಂದಕ್ಕೂ ಹೋಗದೆ ಹಿಂದಕ್ಕೂ ಹೋಗದೆ ನಿಂತಲ್ಲೇ ಗುಡುಗುಡು ಅನ್ನುವ ಸ್ಥಿತಿ. ಅಂಥದ್ದಕ್ಕೆ ಒಂದು ತಂತಿ ದಂಡ ಮಾಡುವುದು ಯಾಕೆ?

“ನ್ಯೂಟ್ರಲ್ ಯಾಕವ್ವ? ನಮಗೆ ಓಡೋ ಕರೆಂಟು ಬೇಕು.”

“ಸರ್, ಕರೆಂಟು ಒಂದು ತಂತಿಯಲ್ಲಿ ಬಂದು ಇನ್ನೊಂದರಲ್ಲಿ ವಾಪಸ್ ಹೋಗಬೇಕು. ಬರೋದು ಫೇಸ್, ವಾಪಸ್ ಹೋಗೋದು ನ್ಯೂಟ್ರಲ್. ಬಲ್ಬಿನ ಸ್ವಿಚ್ಚಲ್ಲಿ ಇರೋ ಎರಡೂ ತಂತಿ ಫೇಸಿನವೇ, ಒಂದು ಒಳಗೆ ಬರೋದು, ಒಂದು ಬಲ್ಬಿಗೆ ಹೋಗೋದು. ನ್ಯೂಟ್ರಲ್ ಅಲ್ಲಿಗೆ ಬಂದೇ ಇರಲ್ಲ. ನೀವು ಬಲ್ಬಿನ ಮೂಲಕ ನಮ್ಮ ಬಾಕ್ಸಿಗೆ ಕರೆಂಟು ಕೊಡ್ತಾ ಇದ್ದೀರ.”

“ಎಂಜಲು ಕರೆಂಟು ಅನ್ನು.”

“ಏನು ಸರ್?”

“ಏನಿಲ್ಲ, ಮುಂದಕ್ಕೇಳು.”

ಹೀಟರ್ ಚುಚ್ಚುವ ದೊಡ್ಡ ಪ್ಲಗ್ಗಿನಲ್ಲಿ ಫೇಸೂ ನ್ಯೂಟ್ರಲ್ಲೂ ಎರಡೂ ಸಿಗುತ್ತವೆ, ಅಲ್ಲಿಂದ ಎಳೆಯಿರಿ ಎಂದಳು. ಎಳೆದೆ. ಪೆಟ್ಟಿಗೆ ಕಣ್ಣು ಬಿಟ್ಟಿತು. ಇನ್ನು ಹೀಟರಿಗೆ ಕೊಡುವ ಕಡೆ ಮೂರು ಸ್ಕ್ರೂ ಇವೆ, ಅವಕ್ಕೆ ಸ್ವಂತ ಕರೆಂಟು ಇಲ್ಲ, ಫೇಸಿನಿಂದ ಒಂದು ತುಂಡು ತಂತಿ ನಡುವಿನ ‘ಸಿ’ಗೆ ಕೊಡಿ ಎಂದಳು. ಕೊಟ್ಟೆ. “ಈಗ ಸರ್, ಹೀಟರಿಗೆ ಹೋಗೋ ತಂತಿನ...” ಎಂದು ಅವಳು ಶುರು ಮಾಡಿದಳು.

“ಇನ್ನು ನಂಗೊತ್ತು ಬುಡವ್ವ,” ಎಂದು ನಾನು ಫೋನ್ ಇಟ್ಟೆ.

ಗೊತ್ತಿಲ್ಲದೆ ಏನು? ‘ಸಿ’ಯ ಆಚೆ ಈಚೆ ಎರಡು ಸ್ಕ್ರೂ. ಒಂದರ ಮೇಲೆ ಇಂಗ್ಲಿಷಿನಲ್ಲಿ ‘ಎನ್ ಸಿ’ ಎಂದು ಬರೆದಿತ್ತು. ಇನ್ನೊಂದರ ಮೇಲೆ ‘ಎನ್ ಓ’ ಎಂದು. ಎನ್ನೂ ಓನೂ ಸೇರಿದರೆ ನೋ. ನೋ ಎಂದರೆ ಬೇಡ. ಅಷ್ಟು ಇಂಗ್ಲಿಷು ಏಳನೇ ಕ್ಲಾಸಿಗೆ ಮುಂಚೆಯೇ ಹೇಳಿಕೊಡುತ್ತಾರೆ. ಕಂಪನಿಯವರು ನಮ್ಮಂಥವರಿಗೆ ತೊಂದರೆಯಾಗದಿರಲಿ ಎಂದು ಮುಟ್ಟಬಾರದ ಸ್ಕ್ರೂ ಮೇಲೆ ಬೇಡ ಎಂದೇ ಬರೆದಿದ್ದಾರಲ್ಲ ಎಂದು ಅವರ ಮೇಲೆ ಗೌರವ ಬಂತು. ಹೀಟರ್ ತಂತಿಯನ್ನು ‘ಎನ್ ಸಿ’ಗೆ ಬಿಗಿದೆ.

ಆಗ ನಡು ಮಧ್ಯಾಹ್ನ. ಇದ್ದಿಲ ಒಲೆಯಿಂದ ಕೋಣೆ ಇಪ್ಪತ್ತೇಳು ಡಿಗ್ರಿ ಇತ್ತು. ಪೆಟ್ಟಿಗೆಗೆ ಇಪ್ಪತ್ತಾರು ಎಂದು ಹೇಳಿದೆ. ಹೀಟರ್ ಕೆಂಪಗೆ ಹತ್ತಿಕೊಂಡಿತು.

“ನೋಡ್ದಾ?” ಎಂದೆ.

“ಈಗ್ಲೇ ಬಿಸಿ ಅದೆಯಲ್ಲ, ಇನ್ಯಾಕೆ ಉರೀತದೆ?” ಎಂದಳು ಮಾದೇವಮ್ಮ.

“ಅದು ಸ್ಮಾರ್ಟು ಕಣಮ್ಮಿ. ಮುಂದಿಂದು ಯೋಚ್ನೆ ಮಾಡ್ತದೆ.”

ಉರಿದದ್ದು ಸಾಕು, ಪರೀಕ್ಷೆ ಪಾಸಾಯಿತು ಎಂದು ಪ್ಲಗ್ಗಿನ ಸ್ವಿಚ್ಚು ಆರಿಸಿದೆ. ಆ ರಾತ್ರಿಯೂ ಅವಳು ಇದ್ದಿಲನ್ನೇ ಇಟ್ಟಳು.

ಮಾರನೆಯ ದಿನ ಹನೂರಿನಲ್ಲಿ ನನ್ನ ತಂಗಿಯ ಹೊಸ ಮನೆಯ ಗೃಹಪ್ರವೇಶ. ಹುಳ ಬಿಟ್ಟು ಇಬ್ಬರೂ ಹೋಗುವಂತಿಲ್ಲ. ನಾನು ಹೊರಟೆ. ಹೊರಡುವಾಗ ಇದ್ದಿಲ ಒಲೆಯನ್ನು ಹೊರಗಿಟ್ಟು, ಸ್ವಿಚ್ಚು ಹಾಕಿ, ಇಪ್ಪತ್ತಾರು ಎಂದು ಇಟ್ಟು ಬಂದೆ. ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಷ್ಟರಲ್ಲಿ ಅವಳ ಫೋನು.

“ಉರೀತಾನೇ ಇಲ್ಲ ಕಣ್ರಿ. ಕ್ವಾಣೆ ಕೊರೀತದೆ. ಒಲೆ ಮಡಗ್ಲಾ?”

“ಬ್ಯಾಡ, ತಾಳು. ಇಲ್ಲಿಂದ್ಲೇ ಮಾಡ್ತೀನಿ.”

ಫೋನಿನಲ್ಲಿ ನೋಡಿದೆ. ಕೋಣೆ ಇಪ್ಪತ್ತೊಂದು. ಎಂಥ ಯಂತ್ರವಾದರೂ ಹಟ ಹಿಡಿದರೆ ಒಮ್ಮೆ ಆರಿಸಿ ಹಾಕಬೇಕು, ಅದು ನನ್ನ ಅನುಭವ. ಆಫ್ ಒತ್ತಿದೆ.

“ಆಂ, ಹತ್ಕತು ಹತ್ಕತು,” ಎಂದಳು ಅವಳು. “ನಾನು ಪಕ್ಕದ್ಮನೆ ಚಿಕ್ಕತಾಯಮ್ಮನ ಜೊತೆ ಸೊಪ್ಪಿಗೆ ಓಯ್ತೀನಿ.”

ಆಫ್ ಒತ್ತಿದರೆ ಹೇಗೆ ಹತ್ತಿಕೊಂಡಿತು ಎಂಬ ಪ್ರಶ್ನೆ ಬುದ್ಧಿವಂತನಿಗೆ ಅಲ್ಲಿಯೇ ಬರಬೇಕಿತ್ತು. ನನಗೆ ಹನೂರಿನ ಬಸ್ಸು ಬಂತು. ಸೀಟು ಹಿಡಿದೆ.

ಗೃಹಪ್ರವೇಶದ ಮನೆಯಲ್ಲಿ ನಾನು ಫೋನನ್ನು ಮೂರು ಪಂಕ್ತಿಗೆ ತೋರಿಸಿದೆ. ಇಲ್ಲಿ ಕೂತು ಊಟ ಮಾಡುತ್ತ ಅಲ್ಲಿ ಹುಳಕ್ಕೆ ಬಿಸಿ ಮಾಡುತ್ತಿದ್ದೇನೆ ಎಂದು ವಿವರಿಸಿದೆ. ಎಲ್ಲರೂ ತಲೆದೂಗಿದರು. ನನ್ನ ತಂಗಿಯ ಗಂಡ ಶಿವಣ್ಣ ಮಾತ್ರ ಪಾಯಸದ ಬಕೆಟ್ಟು ಹಿಡಿದುಕೊಂಡೇ ಬಗ್ಗಿ ನೋಡಿದ.

“ಭಾವ, ಮೂವತ್ತೊಂದು ತೋರಿಸ್ತದೆ. ಉಳಕ್ಕೆ ಅಷ್ಟು ಆಕ್ತಾರಾ?”

ನೋಡಿದೆ. ಮೂವತ್ತೊಂದೇ. ಆನ್ ಮಾಡಿ ಇಪ್ಪತ್ತಕ್ಕೆ ಇಳಿಸಿದೆ. ಸ್ವಲ್ಪ ಹೊತ್ತಿಗೆ ಮೂವತ್ತೆರಡು. ಹದಿನೈದಕ್ಕೆ ಇಳಿಸಿದೆ. ಮೂವತ್ತಮೂರು. ಐದಕ್ಕೆ ಇಳಿಸಿದೆ, ಅದಕ್ಕಿಂತ ಕೆಳಗೆ ಅದು ಹೋಗುವುದಿಲ್ಲ. ಮೂವತ್ತನಾಲ್ಕು. ಎಷ್ಟು ಇಳಿಸಿದರೂ ಅದು ಏರುತ್ತಲೇ ಇತ್ತು. ಆಫ್ ಮಾಡಿದೆ. ಆಗಲೂ ಏರಿತು. ಈಗ ಗೊತ್ತು, ಐವತ್ತು ಎಂದು ಒತ್ತಿದ್ದರೆ ಹೀಟರ್ ಆ ಕ್ಷಣವೇ ಆರುತ್ತಿತ್ತು. ಉರಿಯುವ ಮನೆಗೆ ಐವತ್ತು ಎಂದು ಒತ್ತುವ ಧೈರ್ಯ ಯಾರಿಗಿದೆ?

ಮಾದೇವಮ್ಮನಿಗೆ ಫೋನ್ ಮಾಡಿದೆ. ಫೋನನ್ನು ಗೋಡೆಯ ಗೂಡಿನಲ್ಲಿ ಇಟ್ಟು ತೋಟಕ್ಕೆ ಹೋಗಿದ್ದಾಳೆ, ಬಡಿದುಕೊಳ್ಳುತ್ತಲೇ ಇತ್ತು. ಪಕ್ಕದ ಮನೆಯ ಚಿಕ್ಕತಾಯಮ್ಮನೂ ಅವಳ ಜೊತೆಗೇ ಇದ್ದಾಳೆ. ಇಪ್ಪತ್ತು ದಿನ ಅವಳು ಎದ್ದು ಬಿದ್ದು ಸಾಕಿದ ಮೂವತ್ತು ತಟ್ಟೆ, ಬಾಗಿಲು ಹಾಕಿದ ಕೋಣೆಯಲ್ಲಿ, ಜ್ವರಕ್ಕೆ ಕೂರುವ ಹೊತ್ತಿನಲ್ಲಿ, ಬೇಯುತ್ತಿವೆ. ನಾನು ಹನೂರಿನಲ್ಲಿ ಕೂತು ಅದನ್ನು ಡಿಗ್ರಿ ಸಮೇತ ನೋಡುತ್ತಿದ್ದೇನೆ.

ಕರೆಂಟು ಹೋದರೆ ಸಾಕಿತ್ತು. ನಮ್ಮ ಊರಿನಲ್ಲಿ ದಿನಕ್ಕೆ ನಾಲ್ಕು ಸಲ ಹೋಗುತ್ತದೆ. ಅವತ್ತು ಒಂದು ಸಲವೂ ಹೋಗಲಿಲ್ಲ. ಬೆಟ್ಟದ ಕಡೆ ತಿರುಗಿ, ಮಾದಪ್ಪ, ಒಂದು ಗಂಟೆ ಕರೆಂಟು ತೆಗಿಯಪ್ಪ ಎಂದು ಕೈ ಮುಗಿದೆ. ಆಮೇಲೆ ನಮ್ಮ ಕಡೆಯ ಕರೆಂಟು ಆಫೀಸಿಗೇ ಫೋನ್ ಮಾಡಿದೆ.

“ಸಾ, ನಮ್ಮೂರಿಗೆ ಒಸಿ ಕರೆಂಟು ತೆಗೀರಿ.”

“ಏನು, ಕರೆಂಟು ಇಲ್ವಾ?”

“ಅದೆ ಸಾ. ಅದಕ್ಕೇ ತೆಗೀರಿ ಅಂತಿರೋದು.”

“ಯಾವೂರು ಯಜಮಾನ್ರೆ ನಿಮ್ಮದು? ಇಷ್ಟು ವರ್ಷ ಸರ್ವೀಸಲ್ಲಿ ಕೊಡಿ ಕೊಡಿ ಅಂತ ಬೈಸ್ಕೊಂಡಿದೀನಿ. ತೆಗೀರಿ ಅಂದೋರು ನೀವೇ ಮೊದ್ಲು. ಊಟ ಆಯ್ತಾ?”

“ಆಯ್ತು ಸಾ.”

“ಒಸಿ ಮಲಗೆದ್ದೇಳಿ,” ಎಂದು ಇಟ್ಟುಬಿಟ್ಟರು.

ಫೋನು ಮೂವತ್ತಾರು ತೋರಿಸಿತು. ಆಮೇಲೆ ಏನೂ ತೋರಿಸಲಿಲ್ಲ. ಪೆಟ್ಟಿಗೆ ಸಂಪರ್ಕದಲ್ಲಿಲ್ಲ ಎಂದು ಬಂತು. ಎರಡು ನಿಮಿಷಕ್ಕೆ ಮಾದೇವಮ್ಮನ ಫೋನು.

“ಮೈನ್ ಇಳಿಸಿವ್ನಿ,” ಎಂದಳು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ನಾನು ಮನೆ ಸೇರುವಾಗ ತಟ್ಟೆಗಳೆಲ್ಲ ಜಗುಲಿಯಲ್ಲಿ, ನಡುಮನೆಯಲ್ಲಿ, ಮಂಚದ ಮೇಲೆ ಹರಡಿದ್ದವು. ಕೋಣೆಯ ಕಿಟಕಿಗಳಿಗೆ ಒದ್ದೆ ಗೋಣಿಚೀಲ ಕಟ್ಟಿತ್ತು. ಬಿಸಿ ಮೇಲಕ್ಕೆ ಹೋಗುತ್ತದಲ್ಲ, ಮೇಲಿನ ಸಾಲಿನ ತಟ್ಟೆಗಳ ಹುಳ ಮೆತ್ತಗಾಗಿ ಬಿದ್ದಿದ್ದವು. ಚಿಕ್ಕತಾಯಮ್ಮ ಅವನ್ನು ಮಂಕರಿಗೆ ಸುರಿಯುತ್ತಿದ್ದಳು. ನನ್ನನ್ನು ಕಂಡು, “ಬಂದ್ರಾ ಅಣ್ಣ, ಊಟ ಚೆನ್ನಾಗಿತ್ತಾ?” ಎಂದಳು.

“ಮಾಲು ಸರಿಯಿಲ್ಲ,” ಎಂದೆ. “ವಾಪಸ್ ಕಳಿಸ್ತೀನಿ.”

“ಮಾಲು ಸರಿಯಾಗೇ ಅದೆ,” ಎಂದಳು ಮಾದೇವಮ್ಮ, ಹುಳದಿಂದ ಕಣ್ಣು ತೆಗೆಯದೆ. “ನಾನೇ ಆ ನಂಬರಿಗೆ ಮಾಡಿ ಕೇಳ್ದೆ. ಆ ಉಡುಗಿ ಪೂರ್ತಿ ಏಳೋಕೆ ಮುಂಚೆ ಫೋನ್ ಇಟ್ಬುಟ್ರಂತಲ್ಲ?”

ನನ್ನ ಹೆಂಡತಿ ಎಸ್ಸೆಸ್ಸೆಲ್ಸಿ ಪಾಸು. ಮದುವೆಯಾದಾಗಿನಿಂದ ಈ ವಿಷಯವನ್ನು ನಾನು ಎಲ್ಲೂ ಹೇಳಿಲ್ಲ.

“ನೋ ಅಂತ ಓದ್ಕಂಡಿರ್ತೀರ. ಅದು ನೋ ಅಲ್ಲ. ಎನ್ನು, ಓ. ನಾರ್ಮಲಿ ಓಪನ್ ಅಂತ. ಪೆಟ್ಟಿಗೆ ಸುಮ್ಕಿರುವಾಗ ತೆಗ್ದಿರೋದು. ನೀವು ಆಕಿರೋದು ಸುಮ್ಕಿರುವಾಗ ಮುಚ್ಚಿರೋದಕ್ಕೆ. ಅದಕ್ಕೇ ಪೆಟ್ಟಿಗೆ ಸಾಕು ಅಂದಾಗೆಲ್ಲ ಹೀಟರ್ ಉರೀತು.”

“ತೆಗ್ದಿದ್ರಲ್ವಾ ಕರೆಂಟು ಬರೋದು? ತೂಬು ತೆಗುದ್ರೆ ನೀರು ಬರಕಿಲ್ವಾ? ಮುಚ್ಚಿದ್ರೆ ಎಂಗೆ ಬತ್ತದೆ?”

ಅವಳು ಮೊದಲ ಸಲ ತಲೆ ಎತ್ತಿದಳು.

“ತೂಬು ಅಲ್ಲ ಕಣ್ರಿ. ಕಾಲುವೆ ದಾಟೋಕೆ ಮಡಗೋ ಅಲಗೆ ಅನ್ಕಳಿ. ಅಲಗೆ ತೆಗುದ್ರೆ ದಾಟಕ್ಕಾಯ್ತದಾ? ತೆಗ್ದಿರೋದೇ ಓಪನ್. ಪೆಟ್ಟಿಗೆ ಚಳಿ ಅಂದಾಗ ಅಲಗೆ ಆಕ್ತದೆ, ಕರೆಂಟು ದಾಟ್ತದೆ. ಬಿಸಿಯಾಯ್ತು ಅಂದ್ರೆ ಅಲಗೆ ತೆಗೀತದೆ.”

ಮೂವತ್ತೇಳು ವರ್ಷ ನೀರು ಕಟ್ಟಿದ ನಾನು ಮಂಕರಿ ಹೊತ್ತುಕೊಂಡು ತಿಪ್ಪೆಯ ಕಡೆ ಹೊರಟೆ.

ಸಂಜೆಗೆ ಚಳಿ ಇಳಿಯಿತು, ಕೋಣೆ ಬೇಕೇ ಬೇಕಾಯಿತು. ಅವಳು ಇದ್ದಿಲು ತರಲು ಹೋಗುತ್ತಾಳೆ ಎಂದುಕೊಂಡೆ. ಹೋಗಲಿಲ್ಲ. ಮೈನ್ ಇಳಿದಿರುವುದನ್ನು ಎರಡು ಸಲ ನೋಡಿ, ‘ಎನ್ ಸಿ’ಯ ತಂತಿ ಬಿಚ್ಚಿ ‘ಎನ್ ಓ’ಗೆ ಬಿಗಿದಳು. ನಾನು ಟಾರ್ಚು ಹಿಡಿದೆ. ಅದನ್ನೂ ನೆಟ್ಟಗೆ ಹಿಡಿಯಿರಿ ಎಂದು ಒಂದು ಸಲ ಹೇಳಿಸಿಕೊಂಡೆ. ಮೈನ್ ಹಾಕಿದಳು. ಹೀಟರ್ ಹತ್ತಿತು. ಇಪ್ಪತ್ತಾರಕ್ಕೆ ಟಕ್ ಎಂದು ಆರಿತು. ಅದನ್ನು ನಂಬದೆ ಅವಳು ಗಾಳಿಯಲ್ಲಿ ಕೈ ಆಡಿಸಿ ನೋಡಿ, ಆಮೇಲೆ ತಟ್ಟೆಗಳನ್ನು ಒಳಗೆ ತಂದಳು. ಉಳಿದ ಹುಳ ಒಂದು ದಿನ ತಡವಾಗಿ ಜ್ವರಕ್ಕೆ ಕೂತವು. ತಲೆ ಎತ್ತಿಕೊಂಡು ಎಲ್ಲವೂ ನನ್ನನ್ನೇ ನೋಡುತ್ತಿದ್ದ ಹಾಗಿತ್ತು.

ಈಗ ನನ್ನ ಬಳಿ ಇರುವುದು ಇಷ್ಟು. ಹುಳದ ಕೋಣೆ ಒಂದು. ತಟ್ಟೆ ಮೂವತ್ತು, ಅದರಲ್ಲಿ ಹುಳ ಇರುವುದು ಇಪ್ಪತ್ತಮೂರು. ಹೀಟರ್ ಒಂದು. ಪೆಟ್ಟಿಗೆ ಒಂದು, ಅದಕ್ಕೆ ತಂತಿ ನಾಲ್ಕು. ಆ ನಾಲ್ಕರಲ್ಲಿ ಯಾವುದು ಯಾಕೆ ಎಂದು ತಿಳಿದವರು ಮನೆಯಲ್ಲಿ ಇಬ್ಬರು. ನಾನು ಎರಡನೆಯವನು.